ಮುನ್ನೂರು ಮದುವೆ ಮಾಡಿಸಿದ ಧರ್ಮಣ್ಣ ತನ್ನ ಪ್ರತಿಜ್ಞೆ ಬರೆದದ್ದು

ಧರ್ಮಣ್ಣ ಕಾಕಾ ಒಂದೇ ಕಡೆ ಐದು ನಿಮಿಷ ಕೂತದ್ದನ್ನು ಕಂಡವರು ವಾಡಿಯಲ್ಲಿ ಯಾರೂ ಇರಲಿಕ್ಕಿಲ್ಲ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು. ಅಂದರೆ ದಿನಾ ಬೆಳಿಗ್ಗೆ ಸುತ್ತಿಗೆ ಹೆಗಲಿಗೆ ಹಾಕಿಕೊಂಡು ವಾಡಿಯಿಂದ ಚಿತ್ತಾಪುರದ ದಿಕ್ಕಿಗೆ ಹಳಿ ಹಿಡಿದು ನಡೆಯುವುದು, ಹಳಿ ಬಿಗಿದ ಕೀಲಿ ಎಲ್ಲಾದರೂ ಸಡಿಲಾಗಿದ್ದರೆ ಬಡಿದು ಗಟ್ಟಿ ಮಾಡುವುದು, ಮತ್ತೆ ಅದೇ ದಾರಿಯಲ್ಲಿ ತಿರುಗಿ ಬರುವುದು. ನಿವೃತ್ತಿಯಾಗಿ ಒಂದು ವರ್ಷವಾಯಿತು. ಇಲಾಖೆ ಸುತ್ತಿಗೆಯನ್ನು ತಿರುಗಿ ಇಸಿದುಕೊಂಡಿತು, ಕಾಲನ್ನು ಇಸಿದುಕೊಳ್ಳಲು ಮರೆಯಿತು. ಈಗಲೂ ಬೆಳಗಾದರೆ ಮನೆಯಲ್ಲಿ ಇರುವುದಿಲ್ಲ.

ಆ ಕಾಲಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಬೌದ್ಧ ಮನೆತನಗಳ ಮದುವೆಯಲ್ಲಿ ಹೋಮವಿಲ್ಲ, ತಾಳಿಯ ಮಂತ್ರವಿಲ್ಲ. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಮುಂದೆ ಹಚ್ಚಿಟ್ಟ ಮೇಣದಬತ್ತಿ ಇಷ್ಟೇ. ಬಿಳಿ ಬಟ್ಟೆಯ ಉಪಾಸಕರೊಬ್ಬರು ತ್ರಿಶರಣ, ಪಂಚಶೀಲ ಹೇಳಿಸಿ, ಆಮೇಲೆ ವಿಧಿಯ ಪುಸ್ತಕದಲ್ಲಿರುವಂತೆ ಗಂಡಿಗೆ ಐದು, ಹೆಣ್ಣಿಗೆ ಐದು ಪ್ರತಿಜ್ಞೆ ಹೇಳಿಕೊಡುತ್ತಾರೆ. ಅವರು ಒಂದು ತುಂಡು ಹೇಳಿ ನಿಲ್ಲಬೇಕು, ಮದುಮಕ್ಕಳು ಅದನ್ನು ತಿರುಗಿ ಹೇಳಬೇಕು. ಸೇಡಂ ಇರಲಿ, ಶಹಾಬಾದ ಇರಲಿ, ಹೇಳಿಕೊಡಲು ಧರ್ಮಣ್ಣನೇ ಬೇಕು ಎನ್ನುವಂತಾಗಿತ್ತು. ಒಮ್ಮೆ ಮಳಖೇಡದಲ್ಲಿ "ಗಟ್ಟಿಯಾಗಿ ಹೇಳೋ ತಮ್ಮಾ, ಹಿಂದಿನವ್ರಿಗಿ ಕೇಳ್ಸವಲ್ದು" ಎಂದು ಗದರಿದರೆ, ಬೆವತುಹೋಗಿದ್ದ ಮದುಮಗ ಅದನ್ನೂ ಮೈಕಿನಲ್ಲಿ ಚಾಚೂ ತಪ್ಪದೆ ತಿರುಗಿ ಹೇಳಿದನಂತೆ. ಪುಸ್ತಕದ ಐದು ಮುಗಿದ ಮೇಲೆ ಕಾಕಾ ಗಂಡಿಗೆ ತಮ್ಮದೊಂದು ಆರನೆಯದನ್ನು ಹೇಳಿಸುತ್ತಿದ್ದರು: "ಸುಖದಲ್ಲೂ ದುಃಖದಲ್ಲೂ ನಿನ್ನ ಮಗ್ಗುಲಲ್ಲಿ ನಾನಿರುತ್ತೇನೆ." ಪುಸ್ತಕದಲ್ಲಿ ಅದಿಲ್ಲ. ಜನರಿಗೆ ಎಲ್ಲಕ್ಕಿಂತ ಅದೇ ಹಿಡಿಸಿತ್ತು.

ಇಂಥವರು ನನ್ನ ಅವ್ವನಿಗೆ ಗಂಟುಬಿದ್ದರು.

ಅವ್ವನ ಹೆಸರು ಲುಂಬಿನಿ, ಚಿಂಚೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ; ಈಗ ಇಪ್ಪತ್ತೇಳು. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮದುವೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ, ಪ್ರತಿಜ್ಞೆ ಹೇಳಿಸುತ್ತಾ ಹೇಳಿಸುತ್ತಾ ಕಾಕಾ ತಲೆ ತಿರುಗಿ ಪೆಂಡಾಲಿನ ಕಂಬ ಹಿಡಿದುಕೊಂಡರು. ಅವ್ವ ಅವರ ಬಿ.ಪಿ. ನೋಡಿ, ನಾಲ್ಕು ಜನರ ಮುಂದೆ ಚೆನ್ನಾಗಿ ಬೈದಳು. ಅಲ್ಲಿಂದ ಕಾಕಾನಿಗೆ ಚಿಂಚೋಳಿಯಲ್ಲಿ ಕೆಲಸಗಳು ಹುಟ್ಟತೊಡಗಿದವು. ಬಿ.ಪಿ. ತೋರಿಸಲು ವಾಡಿಯಿಂದ ಸೇಡಂವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಚಿಂಚೋಳಿಗೆ ಹೋಗುವ ಬೇರೆ ಯಾವ ರೋಗಿಯನ್ನೂ ನಾನು ಕಂಡಿಲ್ಲ. ಹೋದರೂ ಬಾಯಿ ತುಂಬ "ಸಿಸ್ಟರ್, ಸಿಸ್ಟರ್" ಎನ್ನುತ್ತಿದ್ದರು. ಹೀಗೆ ಕರೆಯುತ್ತಾ ಈ ಮನುಷ್ಯ ಎಲ್ಲಿಗೆ ಮುಟ್ಟಿಯಾನು ಎಂದು ನಾನು ನಿಶ್ಚಿಂತಳಾಗಿದ್ದೆ.

ಏಪ್ರಿಲ್ ಕೊನೆಗೆ ಅವ್ವ ಫೋನ್ ಮಾಡಿದಳು.

"ಮೈತ್ರಿ, ಧರ್ಮಣ್ಣನವ್ರಿಗಿ ಕೇಳೀನಿ, ಮದಿವಿ ಮಾಡ್ಕೋತೀರೇನು ಅಂತ. ಹ್ಞೂಂ ಅಂದಾರ."

"ನೀ ಕೇಳ್ದಿ?"

"ಅವ್ರು ಕೇಳೂತನಾ ಕುಂತ್ರ ನನಗ ಪೆನ್ಷನ್ನೇ ಬರ್ತದ."

ನನಗೆ ಸಿಟ್ಟು ನೆತ್ತಿಗೇರಿತು. ನನಗೆ ಗಂಡು ನೋಡುತ್ತೇನೆಂದು ಹೊರಟವಳು ತನಗೇ ನೋಡಿಕೊಂಡಳಲ್ಲ ಎಂದು ಸಿಟ್ಟು, ಅಪ್ಪನ ಫೋಟೊ ಇನ್ನು ಯಾವ ಮೂಲೆಗೆ ಹೋಗುತ್ತದೋ ಎಂದು ಸಂಕಟ. ಮೂರು ದಿನ ಅವಳ ಫೋನ್ ಎತ್ತಲಿಲ್ಲ. ನಾಲ್ಕನೇ ದಿನ ಇರಲಾರದೆ ನಾನೇ ಮಾಡಿದೆ. ಅಷ್ಟರಲ್ಲಿ ಅವ್ವ ಮೇ ತಿಂಗಳ ಮೂರನೇ ಭಾನುವಾರ ಗೊತ್ತು ಮಾಡಿ, ಕಾಕಾನಿಗೆ ಒಂದು ಷರತ್ತನ್ನೂ ಹಾಕಿದ್ದಳು.

"ಆ ಪುಸ್ತಕ ನನಗ ಬ್ಯಾಡ್ರಿ. ನಿಮ್ಮ ಬಾಯಿಂದ ಹನ್ನೊಂದು ಮದಿವ್ಯಾಗ ಕೇಳೀನಿ. ಕಂಡಕ್ಟರ್ 'ಒಳಗ ನಡೀರಿ, ಒಳಗ ನಡೀರಿ' ಅಂತಾನಲ್ಲ, ಹಂಗ ಅಂತೀರಿ. ನನಗ ಹೇಳೂದು ನೀವೇ ಬರ್ಕೊಂಡು ಬರ್ರಿ. ನಂದು ನಾ ಬರೀತೀನಿ. ಆಗ್ಲಿಲ್ಲಂದ್ರ ಈ ಮದಿವೀನೇ ಬ್ಯಾಡ."

ಅವ್ವ ಒಂದು ಮಾತು ಆಡಿದರೆ ಮುಗಿಯಿತು, ತಿರುಗಿಸುವುದಿಲ್ಲ. ಕಾಕಾನ ಕೈಯಲ್ಲಿ ಇಪ್ಪತ್ತು ದಿನ ಇದ್ದವು.

ಮರುದಿನವೇ ಅವರು ಚಿತ್ತಾಪುರಕ್ಕೆ, ನನ್ನ ಹತ್ತಿರ ಬಂದರು. ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯ ಒಂದು ಮೂಲೆಯಲ್ಲಿ ನನ್ನ ಕಂಪ್ಯೂಟರ್ ಇದೆ. ಹೆಸರು ತಿದ್ದಲು, ಜಮೀನು ಪಾಲಿಗೆ, ಕಳೆದುಹೋದ ಮಾರ್ಕ್ಸ್‌ಕಾರ್ಡಿಗೆ, ಎಲ್ಲದಕ್ಕೂ ಜನ ನನ್ನಿಂದ ಪ್ರಮಾಣಪತ್ರ ಟೈಪ್ ಮಾಡಿಸುತ್ತಾರೆ.

"ಕುಂದ್ರಿ ಕಾಕಾ" ಎಂದೆ. ಕೂರಲಿಲ್ಲ. ಅಂಗಡಿಯ ಹೊಸ್ತಿಲಿಗೂ ನನ್ನ ಟೇಬಲ್ಲಿಗೂ ನಡುವೆ ಅಡ್ಡಾಡುತ್ತಲೇ ಹೇಳಿದರು.

"ಯವ್ವಾ ಮೈತ್ರಿ, ನೀ ದಿನಾ ಮಂದೀದು ಪ್ರಮಾಣ ಬರ್ಕೊಡ್ತಿ. ನಂದೊಂದು ಬರ್ಕೊಡು. ಮುನ್ನೂರು ಮದಿವ್ಯಾಗ ಹೇಳ್ಸೀನಿ, ಪೆನ್ನು ಹಿಡದ್ರ ಒಂದ್ ಅಕ್ಷರ ಬರವಲ್ದು."

ಒಲ್ಲೆ ಎನ್ನಬಹುದಿತ್ತು. ಆದರೆ ನನ್ನೊಳಗೆ ಒಂದು ಕುಚೇಷ್ಟೆ ಎದ್ದಿತು. ಕೈಗೆ ರೂಢಿಯಾದದ್ದನ್ನೇ ಟಕಟಕ ಹೊಡೆದೆ: "ನಾನು, ಧರ್ಮಣ್ಣ ತಂದೆ ದಿವಂಗತ ನಾಗಪ್ಪ, ವಯಸ್ಸು ಅರವತ್ತೊಂದು, ನಿವೃತ್ತ ರೈಲ್ವೆ ನೌಕರ, ಸಾಕಿನ್ ವಾಡಿ, ಸತ್ಯಪೂರ್ವಕವಾಗಿ ಪ್ರಮಾಣೀಕರಿಸುವುದೇನೆಂದರೆ, ಸದರಿ ಲುಂಬಿನಿ ಇವರನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ಪ್ರೀತಿಸುತ್ತೇನೆ. ಮೇಲೆ ಹೇಳಿದ್ದೆಲ್ಲ ನನ್ನ ತಿಳುವಳಿಕೆಯ ಮಟ್ಟಿಗೆ ನಿಜವಾಗಿದೆ." ಓದಿ ನಕ್ಕು ಹರಿದು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಎರಡು ಸಲ ಓದಿ, "ಭಾಳ ಪಕ್ಕಾ ಅದವ್ವಾ" ಎಂದು ಖುಷಿಯಿಂದ ಮಡಚಿ ಕಿಸೆಗಿಟ್ಟುಕೊಂಡು, ಅದೇ ಕಾಲಲ್ಲಿ ಚಿಂಚೋಳಿಗೆ ಹೋದರು.

ಸಂಜೆ ಅವ್ವನ ಫೋನ್ ಬಂತು. "ಅವ್ರಿಗಿ ಹೇಳಿ ಕಳ್ಸೀನಿ, ಇದಕ್ಕ ನೋಟರಿ ಶಿಕ್ಕಾ ಹೊಡ್ಸಿ ತಹಶೀಲಿಗಿ ಕೊಡ್ರಿ ಅಂತ. ನೀ ಮಾತ್ರ ದೊಡ್ಡಾಕಿ ಆಗಿ ಹಿಂಗ ಮಾಡಬಾರ್ದಿತ್ತು, ಮೈತ್ರಿ. ಆ ಮನುಷ್ಯಾ ಖರೇ ಅಂತ ತಿಳ್ದು ಹಿಡ್ಕೊಂಡ್ ಬಂದಿದ್ರು." ನನಗೆ ನಾಚಿಕೆಯಾಯಿತು. ಸೋಲಬಾರದೆಂದು ಮತ್ತೆ ಸಿಟ್ಟೇ ಮಾಡಿಕೊಂಡೆ.

ಆಮೇಲೆ ಕಾಕಾನ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ದಿನ ಬಿಟ್ಟು ದಿನ ಬರುತ್ತಿದ್ದರು. ಯಾವುದೋ ಹಳೆಯ ರೈಲ್ವೆ ಫಾರಮ್ಮಿನ ಬೆನ್ನಿಗೆ ನಾಲ್ಕು ಸಾಲು ಗೀಚಿ ತರುವುದು, ನನಗೆ ತೋರಿಸುವುದು, ನಾನು ಓದಿ ಮುಗಿಸುವ ಮೊದಲೇ ಕಸಿದುಕೊಂಡು ಹೊಡೆದು ಹಾಕುವುದು. ರಸ್ತೆಗೆ ಹೋಗಿ ಚಹಾ ಹೇಳುವುದು, ಚಹಾ ಬರುವ ಮೊದಲು ಗಾಡಿಯ ಹೊತ್ತಾಯಿತೆಂದು ಸ್ಟೇಷನ್ನಿಗೆ ಓಡುವುದು. ಆ ಚಹಾ ನಾನೇ ಕುಡಿಯಬೇಕಾಗುತ್ತಿತ್ತು. ತಾವು ಮದುವೆ ಮಾಡಿಸಿದ ಜೋಡಿಗಳ ಮನೆಗೂ ಹೋಗಿ ಕೇಳಿ ಬಂದರಂತೆ. ಯಾರಿಗೂ ತಾವು ಹೇಳಿದ ಐದು ಪ್ರತಿಜ್ಞೆ ನೆನಪಿರಲಿಲ್ಲ, ಊಟಕ್ಕೆ ಏನು ಮಾಡಿಸಿದ್ದರು ಎಂಬುದು ಎಲ್ಲರಿಗೂ ನೆನಪಿತ್ತು. ಪಕ್ಕದ ಮನೆಯ ಬಾಬುಮಿಯಾ, ಶಹಾಬಾದಿ ಕಲ್ಲು ಪಾಲಿಶ್ ಮಾಡುವವರು, ಕಾಕಾನ ಜೀವದ ಗೆಳೆಯ. ಅವರೂ ಕೈ ಎತ್ತಿಬಿಟ್ಟರು: "ನಮ್ದ್ರಾಗ ಕುಬೂಲ್ ಅಂದ್ರ ಖತಂ ಭಾಯ್. ನಿಂದು ಈ ವಯಸ್ನಾಗ ಪರೀಕ್ಷಾ ಬರ್ಯೂದು ಆಗ್ಯದ."

ಮದುವೆಗೆ ಒಂಬತ್ತು ದಿನ ಉಳಿದಿತ್ತು. ಮಧ್ಯಾಹ್ನ, ವಕೀಲರೆಲ್ಲ ಊಟಕ್ಕೆ ಎದ್ದ ಹೊತ್ತು. ಕಾಕಾ ಅಷ್ಟೂ ಕಾಗದಗಳನ್ನು ತಂದು ನನ್ನ ಮುಂದೆ ಹಾಕಿದರು. ನೀನೇ ಇದರಲ್ಲಿ ಯಾವುದಾದರೂ ಆರಿಸು ಎಂದರು. ಒಂದೊಂದೇ ನೋಡಿದೆ. ಪ್ರತಿ ಕಾಗದದಲ್ಲೂ ಅವರ ಆ ಆರನೇ ಪ್ರತಿಜ್ಞೆ ಇತ್ತು, ಪ್ರತಿ ಕಾಗದದಲ್ಲೂ ಅದನ್ನೇ ಮೊದಲು ಹೊಡೆದು ಹಾಕಿದ್ದರು. ಬರೀ ಗೆರೆಯಲ್ಲ, ಕಾಗದ ತೂತಾಗುವ ಹಾಗೆ.

ನನಗೆ ತಡೆಯಲಾಗಲಿಲ್ಲ. "ಕಾಕಾ, ಮಂದಿ ಮಕ್ಳಿಗಿ ಮುನ್ನೂರು ಸಲ ಹೇಳ್ಸೀರಿ. ನಮ್ಮವ್ವನ ಹೆಸರಿಗಿ ಬಂದ್ರ ಯಾಕ ಹೊಡದ್ ಹಾಕ್ಲಿಕತ್ತೀರಿ? ಆಕಿ ಮಗ್ಗುಲಾಗ ಇರೂ ಮನಸಿಲ್ಲೇನು?"

ಕಾಕಾ ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಹಣಮವ್ವಗೂ ಅದೇ ಹೇಳಿದ್ದೆ" ಎಂದರು.

ಹಣಮವ್ವ ಅವರ ಮೊದಲ ಹೆಂಡತಿ. ತೀರಿಕೊಂಡಿದ್ದಾಳೆ ಎಂದಷ್ಟೇ ನಮಗೆ ಗೊತ್ತಿತ್ತು.

"ಆ ಮಾತು ಆಕಿ ಸಲುವಾಗೇ ಹೊಂದಿಸಿದ್ದವ್ವಾ. ನಮ್ಮ ಮದಿವ್ಯಾಗ ಹೇಳಿದ್ದೆ. ಆಮ್ಯಾಲ ಎಲ್ಲಾರಿಗೂ ಹೇಳ್ಸಲಿಕತ್ತೆ. ಹನ್ನೊಂದು ವರ್ಷದ ಹಿಂದ, ಕೋಡ್ಲಾದಾಗ ಒಂದು ಮದಿವಿ ಇತ್ತು. ಮುಂಜಾನಿ ಅಂಗಿ ಹಾಕ್ಕೊಳ್ಳಾಕತ್ತಿದ್ದೆ. ಎದಿ ಹಿಡ್ದಂಗ ಆಗ್ಲಿಕತ್ತದ, ಇವತ್ತೊಂದಿನ ಹೋಗಬ್ಯಾಡ್ರಿ, ಅಂದ್ಲು. ಗ್ಯಾಸ್ ಇರ್ತದ, ಜರಾ ಸೋಡಾ ಕುಡಿ, ಮಾತು ಕೊಟ್ಟೀನಿ, ಅಂತ ಹೇಳಿ ಹೋದೆ."

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಪ್ರತಿಜ್ಞಾ ಹೇಳ್ಸುವಾಗ ಫೋನು ಚೀಲದಾಗಿತ್ತು. ಅದು ಮುಗೀತು. ಊಟಕ್ಕ ಕರದ್ರು. ನಾ ಊಟಾನೂ ಮಾಡ್ದೆ, ಮೈತ್ರಿ. ಹುಗ್ಗಿ ಭಾಳ ಛಲೋ ಆಗಿತ್ತು, ಎರಡ್ ಸಲ ಹಾಕ್ಸ್ಕೊಂಡೆ. ವಾಡಿ ಸ್ಟೇಷನ್ನಾಗ ಇಳದ್ರ ಬಾಬುಮಿಯಾ ನಿಂತಿದ್ದ. ಆಟೋದಾಗ ಶಹಾಬಾದಕ್ಕ ಒಯ್ದಿದ್ದನಂತ. ದಾರ್ಯಾಗೇ ಹೋಗ್ಯಾಳ."

ಅವರು ಅಳಲಿಲ್ಲ. ಕೈ ಮಾತ್ರ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುವುದು, ಕೆದರುವುದು, ಮತ್ತೆ ಜೋಡಿಸುವುದು ಮಾಡುತ್ತಿತ್ತು. "ಆಮ್ಯಾಲೂ ಆ ಮಾತು ಮಂದಿಗಿ ಹೇಳ್ಸೀನಿ. ಮನ್ಯಾಗ ಕುಂತ್ರ ಆಕಿ ಅಂದದ್ದು ಕೇಳ್ತದ. ಅದಕ್ಕ ಕುಂದ್ರೂದಿಲ್ಲ."

ಆಗ ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ನನಗೆ ಅವರ ಮೇಲೆ ಮರುಕ ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಐವತ್ತೆರಡು ವರ್ಷದ ನನ್ನ ಅವ್ವ, ಹದಿನೆಂಟು ವರ್ಷ ಒಬ್ಬಳೇ ಇದ್ದವಳು, ನಾಳೆ ಎದೆ ಹಿಡಿದುಕೊಂಡು ಕೂತರೆ ಈ ಮನುಷ್ಯ ಎಲ್ಲಿರುತ್ತಾನೆ? ಯಾವ ಪೆಂಡಾಲಿನಲ್ಲಿ ಹುಗ್ಗಿ ಉಣ್ಣುತ್ತಿರುತ್ತಾನೆ?

"ಇದು ಅವ್ವಗ ಗೊತ್ತದೇನು?" ಎಂದು ಕೇಳಿದೆ.

"ಇಲ್ಲ."

"ನೀವು ಹೇಳ್ರಿ. ಹೇಳ್ಲಿಲ್ಲಂದ್ರ ಮದಿವಿ ದಿನ ಮೈಕ್ ಹಿಡ್ದು ನಾನೇ ಹೇಳ್ತೀನಿ."

ನನ್ನ ಧ್ವನಿ ನನಗೇ ಕೆಟ್ಟದಾಗಿ ಕೇಳಿಸಿತು. ಕಾಕಾ ಎದ್ದರು. ಕಾಗದಗಳನ್ನು ಅಲ್ಲೇ ಬಿಟ್ಟು ರಸ್ತೆಗಿಳಿದರು. ಸ್ಟೇಷನ್ನಿನ ಕಡೆಗೂ ಹೋಗಲಿಲ್ಲ, ಬಸ್‌ಸ್ಟ್ಯಾಂಡಿನ ಕಡೆಗೂ ಹೋಗಲಿಲ್ಲ. ಸುಮ್ಮನೆ ನಡೆದರು.

ಅವತ್ತಿನಿಂದ ಅವರ ಫೋನ್ ಬಂದ್. ಒಂದು ದಿನ, ಎರಡು ದಿನ, ಆರು ದಿನ. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಬ್ಬರ ಜಮೀನಿನ ಸರ್ವೆ ನಂಬರನ್ನು ಇನ್ನೊಬ್ಬರಿಗೆ ಹಾಕಿ ವಕೀಲರಿಂದ ಬೈಸಿಕೊಂಡೆ. ಅವ್ವನಿಗೆ ಹೇಳಿಬಿಡೋಣ ಎಂದು ಫೋನ್ ಹಿಡಿಯುತ್ತಿದ್ದೆ, ರಿಂಗ್ ಆಗುವ ಮೊದಲೇ ಕಟ್ ಮಾಡುತ್ತಿದ್ದೆ. ಅವ್ವನೇ ಮಾಡಿದಳು.

"ನಿನ್ನ ಕಡಿ ಬಂದಾಗ ಅವ್ರಿಗಿ ಏನರೆ ಅಂದಿಯೇನು?"

"ಇಲ್ಲ" ಎಂದೆ. ಪ್ರಮಾಣ ಬರೆದು ಹೊಟ್ಟೆ ಹೊರೆಯುವವಳ ಬಾಯಲ್ಲಿ ಎಷ್ಟು ಸಲೀಸಾಗಿ ಸುಳ್ಳು ಬಂತು.

"ಬರ್ತಾರ ಬಿಡು" ಎಂದಳು. ಆದರೆ ಅವತ್ತು ಅವಳು ನಾಲ್ಕು ಸಲ ಫೋನ್ ಮಾಡಿದಳು. ಒಮ್ಮೆ ಹಾರ ಎಷ್ಟು ಹೇಳಲಿ ಎಂದು, ಒಮ್ಮೆ ಕುರ್ಚಿ ಎಷ್ಟು ಎಂದು, ಇನ್ನೊಮ್ಮೆ ಸೀರೆ ಬಿಳಿಯದೇ ಉಡಲೋ ಅಂಚಿನದು ಉಡಲೋ ಎಂದು. ನಾಲ್ಕನೇ ಸಲ ಯಾಕೆ ಮಾಡಿದ್ದೆ ಎಂಬುದು ಅವಳಿಗೇ ನೆನಪಾಗಲಿಲ್ಲ.

ಗುರುವಾರ ರೈಲು ಹಿಡಿದು ವಾಡಿಗೆ ಹೋದೆ. ಕಾಕಾನ ಮನೆಗೆ ಬೀಗ. ಬಾಬುಮಿಯಾ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಹೊರಗೆ ಬಂದರು.

"ಮುಂಜಾನಿ ಹೋಗ್ತಾನ ಬೇಟಿ, ದೀಪ ಹಚ್ಚೂ ಹೊತ್ತಿಗಿ ಬರ್ತಾನ. ಎಲ್ಲಿಗಿ ಅಂದ್ರ ಹೇಳವಲ್ಲ. ನಿನ್ನೆ ಒಂದೇ ಮಾತು ಕೇಳ್ದ. ಬಾಬು, ಹಣಮವ್ವ ಆಟೋದಾಗ ಏನರೆ ಅಂದ್ಲೇನು, ಅಂದ. ಹನ್ನೊಂದು ವರ್ಷದಾಗ ಒಂದ್ ಸಲನೂ ಕೇಳಿದ್ದಿಲ್ಲ."

"ಏನ್ ಅಂದಿದ್ರು?"

"ಅವ್ರು ಊಟ ಮಾಡ್ಯಾರೋ ಇಲ್ಲೋ, ಅಂದಿದ್ಲು ಪಾಪ. ಹೇಳ್ಬಾರ್ದು ಅಂತ ಇಷ್ಟು ದಿನ ಇಟ್ಕೊಂಡಿದ್ದೆ. ನಿನ್ನೆ ಹೇಳ್ಬಿಟ್ಟೆ."

ತಿರುಗಿ ಬರುವಾಗ ರೈಲಿನ ಕಿಟಕಿಯಲ್ಲಿ ಕೂತು ಹಳಿಯ ಪಕ್ಕದಲ್ಲಿ ನಡೆಯುವವರನ್ನೆಲ್ಲ ನೋಡಿದೆ. ಬಿಳಿ ಅಂಗಿ ಕಂಡಾಗಲೆಲ್ಲ ಬಗ್ಗಿ ಮುಖ ನೋಡುತ್ತಿದ್ದೆ. ಅವರು ಸಿಕ್ಕರೆ ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ, ಸಿಗಲಿಲ್ಲ.

ಭಾನುವಾರ ಬಂತು. ಚಿಂಚೋಳಿಯಲ್ಲಿ ನಮ್ಮ ಓಣಿಯ ಸಮುದಾಯ ಭವನ. ಮೂವತ್ತು ಜನ ಇದ್ದೆವು, ಅವ್ವನ ಆಸ್ಪತ್ರೆಯವರು, ಒಂದಿಷ್ಟು ನೆಂಟರು, ವಾಡಿಯಿಂದ ಒಬ್ಬರೇ ಬಂದ ಬಾಬುಮಿಯಾ. ಮದುವೆ ನಡೆಸಲು ಸೇಡಂನ ಸಂಘಪಾಲ ಸರ್ ಬಂದಿದ್ದರು, ಕಾಕಾನೇ ಕಲಿಸಿ ತಯಾರು ಮಾಡಿದ ಯುವ ಶಿಕ್ಷಕ. ಹತ್ತಕ್ಕೆ ಮದುವೆ. ಹತ್ತೂವರೆಯಾಯಿತು, ಹನ್ನೊಂದಾಯಿತು. ಅವ್ವ ಬುದ್ಧನ ಮುಂದಿನ ಮೇಣದಬತ್ತಿಯನ್ನು ಎರಡನೇ ಸಲ ಬದಲಿಸಿದಳು. ನಾನು ಹಾರದ ತಟ್ಟೆ ಹಿಡಿದು ಬಾಗಿಲಿಗೂ ಒಳಕ್ಕೂ ಎಡತಾಕುತ್ತಿದ್ದೆ. ಕಾಕಾನ ಚಾಳಿ ನನಗೇ ಅಂಟಿತ್ತು.

ಹನ್ನೊಂದೂಕಾಲಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಂಪು ಧೂಳು ಹತ್ತಿದ ಕಾಲು. ಯಾರನ್ನೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಅವ್ವನ ಎದುರು ನಿಂತರು. ತ್ರಿಶರಣ, ಪಂಚಶೀಲ ಆಯಿತು.

ಅವ್ವ ಮೊದಲು ಓದಿದಳು. ಆಸ್ಪತ್ರೆಯ ಚೀಟಿಯ ಬೆನ್ನಿಗೆ ಬರೆದಿದ್ದಳು.

"ನಿಮಗ ಗುಳಿಗಿ ತೊಗೊಳ್ರಿ ಅಂತ ಎರಡ್ ಸಲ ನೆನಪ್ ಮಾಡ್ತೀನಿ. ಮೂರನೇ ಸಲ ಮಾಡೂದಿಲ್ಲ." ಜನ ನಕ್ಕರು. "ನನಗ ಸಿಟ್ ಬಂದ್ರ ವಾರಗಟ್ಲೆ ಮಾತು ಬಿಡೂ ಚಾಳಿ ಅದ. ನನ್ನ ಮಗಳಿಗೂ ಅದ. ಇನ್ ಮ್ಯಾಲ ಒಂದಿನಕ್ಕಿಂತ ಹೆಚ್ಚು ಬಿಡೂದಿಲ್ಲ. ಮೈತ್ರಿ ಅಪ್ಪನ ಫೋಟೊ ಗ್ವಾಡಿ ಮ್ಯಾಲಿಂದ ತೆಗಿಯೂದಿಲ್ಲ. ಅದರ ಬಾಜೂಕ ಹಣಮವ್ವಂದೂ ಹಚ್ತೀನಿ."

ಆ ಹೆಸರು ಕೇಳಿದ್ದೇ ಕಾಕಾನ ಮುಖ ಬಿಳಿಚಿತು. ಸಂಘಪಾಲ ಸರ್ ಮೈಕ್ ಅವರ ಕಡೆ ಚಾಚಿದರು. ಕಾಕಾನ ಕೈಯಲ್ಲಿ ಕಾಗದ ಇರಲಿಲ್ಲ. ರೂಢಿಯ ಪ್ರಕಾರ ತುಂಡು ತುಂಡಾಗಿ ಹೇಳಿದರು, ಒಂದೊಂದು ತುಂಡಿಗೂ ನಿಂತರು. ತಿರುಗಿ ಹೇಳುವವರು ಯಾರೂ ಇರಲಿಲ್ಲ.

"ಹಣಮವ್ವಗ ಎದಿ ನೋವು ಬಂದಿತ್ತು. ಇವತ್ತೊಂದಿನ ಹೋಗಬ್ಯಾಡ್ರಿ ಅಂದ್ಲು. ನಾ ಮದಿವಿ ಮಾಡ್ಸಲಿಕ್ಕ ಹೋದೆ. ಆಕಿ ಸತ್ತಾಗ ನಾ ಊಟಕ್ಕ ಕುಂತಿದ್ದೆ."

ಬಾಬುಮಿಯಾ ತಲೆ ತಗ್ಗಿಸಿದರು.

"ಮಗ್ಗುಲಾಗ ಇರ್ತೀನಿ ಅನ್ನೂ ಮಾತು ನಾ ನಿಮಗ ಹೇಳೂದಿಲ್ಲ, ಲುಂಬಿನಿಯವ್ರ. ನನ್ನ ಬಾಯಾಗ ಅದು ಸುಳ್ಳಾಗ್ಯದ. ನನ್ನ ಕಾಲು ನಿಲ್ಲೂದಿಲ್ಲ, ಅದೂ ನಿಮಗ ಗೊತ್ತಿರ್ಲಿ. ಒಂದೇ ಮಾತು ಕೊಡ್ತೀನಿ." ಇಲ್ಲಿ ಅವರು ಮೈಕನ್ನು ಇನ್ನೊಂದು ಕೈಗೆ ಬದಲಿಸಿದರು. "ನೀವು ಹೋಗಬ್ಯಾಡ್ರಿ ಅಂದ್ರ, ನಾ ಹೋಗೂದಿಲ್ಲ. ಯಾಕ ಅಂತ ಕೇಳೂದಿಲ್ಲ. ಇಷ್ಟೇ ಅದ. ಇದು ಸಾಲದಂದ್ರ ನಿಮ್ಮ ತಪ್ಪಲ್ಲ."

ಮೈಕನ್ನು ಸಂಘಪಾಲ ಸರ್ ಕೈಗೆ ಕೊಟ್ಟರು. ಅವ್ವ ಏನಾದರೂ ಅನ್ನುತ್ತಾಳೆಂದು ಸ್ವಲ್ಪ ಹೊತ್ತು ಕಾದರು. ಅವ್ವ ಅವರನ್ನೇ ನೋಡುತ್ತಾ ನಿಂತಿದ್ದಳು. ಕಾಕಾ ಬುದ್ಧನಿಗೆ ಕೈ ಮುಗಿದರು, ಜಮಖಾನೆಯಿಂದ ಇಳಿದು ಬಾಗಿಲಿನ ಕಡೆ ನಡೆದರು. ನೀರು ಕುಡಿಯಲು ಹೊರಟರೇನೋ ಎಂದು ಜನ ದಾರಿ ಬಿಟ್ಟರು. ನನಗೆ ಗೊತ್ತಿತ್ತು. ಆದರೂ ಕಾಕಾ, ನಿಲ್ಲಿರಿ ಎಂದು ಕೂಗಲಿಲ್ಲ. ಹೇಳಿಸಿದವಳು ನಾನು, ಹೇಳಿದ ಮೇಲೆ ಬಾಯಿ ಬಿಡದೆ ಕೂತವಳೂ ನಾನೇ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಅವರು ಚಪ್ಪಲಿಗೆ ಕಾಲು ಹಾಕುತ್ತಿದ್ದರು.

"ಹೋಗಬ್ಯಾಡ್ರಿ" ಎಂದಳು ಅವ್ವ.

ಗಟ್ಟಿಯಾಗಿ ಅನ್ನಲಿಲ್ಲ. ಮಂಚದಿಂದ ಏಳಲು ನೋಡುವ ರೋಗಿಗೆ ಹೇಳುವ ಧ್ವನಿ ಅದು. ಕಾಕಾ ಒಂದು ಚಪ್ಪಲಿ ಮೆಟ್ಟಿದವರು ಹಾಗೇ ನಿಂತರು. ಬೆನ್ನು ನಮ್ಮ ಕಡೆಗಿತ್ತು. ಆಮೇಲೆ ಆ ಒಂದು ಚಪ್ಪಲಿಯನ್ನೂ ಬಿಟ್ಟು, ತಿರುಗಿ ಬಂದು ಅವ್ವನ ಪಕ್ಕದಲ್ಲಿ ನಿಂತರು.

ಸಂಘಪಾಲ ಸರ್‌ಗೆ ದಿಕ್ಕು ತೋಚಲಿಲ್ಲ. ಪುಸ್ತಕ ಮಗುಚಿ ಮಗುಚಿ ನೋಡಿ, "ಅಕ್ಕೋರ, ಮುಂದ ಏನ್ ಹೇಳ್ಸಲಿ?" ಎಂದು ಅವ್ವನನ್ನೇ ಕೇಳಿದರು.

"ಹೇಳೂದೆಲ್ಲ ಆತು. ಹಾರ ತರ್ರಿ."

ಹಾರದ ತಟ್ಟೆ ನನ್ನ ಕೈಯಲ್ಲೇ ಇತ್ತು. ನಾನು ಎದ್ದು ತೆಗೆದುಕೊಂಡು ಹೋದೆ.